ಪೆನ್ಸಿಲ್ ಗೆರೆ ಎಲ್ಲಿ ಬಿತ್ತು? ದಾವಣಗೆರೆಯಲ್ಲಿ ಬಂಡುಕೋರ ಕವಿತೆ ಓದಿಸಿದ ನನ್ನ ಅನುಭವ

ಕಳೆದ ತಿಂಗಳು ಗೆಳೆಯರೊಬ್ಬರು ಅಂಗಡಿಗೆ ಬಂದರು. "ನಿನ್ನ ಆ ಹಾಳೆ ಒಂದು 20 ಕೊಡು, ನಮ್ಮ ಹುಡುಗರಿಗೆ ಓದಿಸಿ ನೋಡ್ತೀನಿ" ಅಂದರು. ಇವರು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವರು. ಮೂರು ವರ್ಷದ ಹಿಂದೆ ಇದೇ ಸ್ಟೂಲಿನ ಮೇಲೆ ಕೂತು, "ಅಡಿಗರೇ ಇನ್ನೂ ಜನಕ್ಕೆ ತಲುಪಿಲ್ಲ, ನೀನು ಗಿನ್ಸ್‌ಬರ್ಗ್ ಹಿಡ್ಕೊಂಡು ಮಂಡಿಪೇಟೆಗೆ ಹೋಗ್ತೀಯಾ?" ಎಂದು ನಕ್ಕಿದ್ದರು. ಗಿನ್ಸ್‌ಬರ್ಗ್ ಎಂದರೆ ಅಮೆರಿಕದ ಬೀಟ್ ಎಂಬ ಬಂಡುಕೋರ ಗುಂಪಿನ ಕವಿ. ಹಾಳೆ ಎಂದರೆ ಹೆಸರಿಲ್ಲದ ಒಂದು ಕವಿತೆ ಅಚ್ಚಾದದ್ದು, ಓದಿದವರು ಸಾಕು ಅನ್ನಿಸಿದ ಕಡೆ ಪೆನ್ಸಿಲ್ ಗೆರೆ ಹಾಕಬೇಕು. ನಾನು 20 ಅಲ್ಲ, 30 ಹಾಳೆ ಕೊಟ್ಟೆ. ಪೆನ್ಸಿಲ್ಲೂ ಕೊಟ್ಟೆ. ಅವತ್ತು ರಾತ್ರಿಯೇ ಇದನ್ನು ಬರೆಯಲು ಕೂತೆ.

ನನ್ನದು ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ. ಹಿಂದುಗಡೆ ಒಂದು ಸಣ್ಣ ಆಫ್‌ಸೆಟ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಮಂಡಿಯವರ ರಸೀದಿ, ಇದು ಹೊಟ್ಟೆಪಾಡು. ಅದರ ಜೊತೆಗೆ 16 ಪುಟದ ಒಂದು ಕಿರುಪತ್ರಿಕೆ ತರುತ್ತೇನೆ. ವರ್ಷಕ್ಕೆ ಎರಡು ಸಂಚಿಕೆ ಬಂದರೆ ಅದೇ ಜಾಸ್ತಿ. ಹೊಸ ಹುಡುಗರ ಹುಚ್ಚು ಕವಿತೆ, ತಲೆ ಬಾಲ ಅದಲು ಬದಲಾದ ಕತೆ, ಹೊರಗಿನ ಬಂಡುಕೋರರ ಒಂದಿಷ್ಟು ಪರಿಚಯ ಹಾಕುತ್ತೇನೆ. ಇದನ್ನು ಓದುವ ನೀವೂ ಇಂಥದ್ದೇ ಏನಾದರೂ ಮಾಡುತ್ತಿರುತ್ತೀರಿ. ಹಾಗಾಗಿ ಬೀಟ್ ಕವಿಗಳು ಯಾರು, ನವ್ಯ ಎಲ್ಲಿ ಮುಗಿಯಿತು, ಬಂಡಾಯ ಎಲ್ಲಿ ಶುರುವಾಯಿತು ಎಂದು ನಾನು ಹೇಳುತ್ತಾ ಕೂರಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನನಗೆ ಬೇಕಾಗಿದ್ದು ಒಂದೇ. ಇಂಥ ಬರಹ ಓದಿದ ಮಾಮೂಲಿ ಮನುಷ್ಯನಿಗೆ ನಿಜವಾಗಿ ಏನಾಗುತ್ತದೆ? ವಿಮರ್ಶಕರದ್ದು ನನಗೆ ಬೇಡವಾಗಿತ್ತು, ಅದು ಸಿಗುತ್ತದೆ. ದಲಾಲಿ ಮಂಡಿಯ ಗುಮಾಸ್ತ, ಟೈಲರ್, ನರ್ಸ್, ಮಂಡಕ್ಕಿ ಭಟ್ಟಿಯವರು, ಇವರದ್ದು ಬೇಕಿತ್ತು. ಹತ್ತು ವರ್ಷ ಪತ್ರಿಕೆ ತಂದರೂ ನನಗೆ ಸಿಕ್ಕಿದ್ದು ಎರಡೇ ಮಾತು. "ಚೆನ್ನಾಗಿದೆ ಸಾರ್." "ಅರ್ಥ ಆಗಲಿಲ್ಲ ಸಾರ್." ಎರಡರಲ್ಲೂ ಏನೂ ಇಲ್ಲ, ಅಲ್ವಾ?

ಮೊದಲು ಕಾರ್ಡು ಹಾಕಿಸಿದೆ. ಪತ್ರಿಕೆಯ ಜೊತೆಗೆ ನನ್ನ ವಿಳಾಸ ಅಚ್ಚು ಹಾಕಿದ 50 ಪೈಸೆಯ ಪೋಸ್ಟ್ ಕಾರ್ಡ್ ಇಟ್ಟು ಕಳಿಸಿದೆ. ಸುಮಾರು 150 ಜನಕ್ಕೆ ಹೋಯಿತು. ಪತ್ರಿಕೆಯ ಖರ್ಚೂ ಅಂಚೆಯೂ ಸೇರಿ ಮೂರು ಸಾವಿರ ದಾಟಿತು. ವಾಪಸ್ ಬಂದ ಕಾರ್ಡು 11. ಅದರಲ್ಲಿ ಆರೇಳು "ಪತ್ರಿಕೆ ತಲುಪಿದೆ, ವಂದನೆಗಳು". ಒಬ್ಬರು ತಮ್ಮದೇ ಕವಿತೆ ಬರೆದು ಕಳಿಸಿದ್ದರು. ಒಂದೇ ಒಂದು ಕಾರ್ಡಿನಲ್ಲಿ "ಪುಟ 9 ಓದಿ ಸಿಟ್ಟು ಬಂತು" ಎಂದಿತ್ತು. ಆ ಕಾರ್ಡನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಹೆಸರು ವಿಳಾಸ ಇರಲಿಲ್ಲ, ಇದ್ದಿದ್ದರೆ ಮನೆಗೇ ಹೋಗುತ್ತಿದ್ದೆ.

ಆಮೇಲೆ ಸಭೆ ಮಾಡಿದೆ. ಒಂದು ಸಂಘದ ಹಾಲ್ ಹಿಡಿದೆ. ಬಾಡಿಗೆ 1500, ಮೈಕ್ 800, ಬ್ಯಾನರ್ 600, ಚಹಾ ಬಿಸ್ಕತ್ ಬೇರೆ. ಬಂದವರು 34 ಜನ. ಸ್ವಾಗತ, ಪ್ರಸ್ತಾವನೆ, ಇಬ್ಬರು ಅತಿಥಿಗಳು, ಅಧ್ಯಕ್ಷರ ಮಾತು. ಎಲ್ಲ ಸೇರಿ ಎರಡೂವರೆ ಗಂಟೆ. ಅದರಲ್ಲಿ ಕವಿತೆ ಓದಿದ್ದು ನಾಲ್ಕು ನಿಮಿಷ! "ಪ್ರತಿಕ್ರಿಯೆ ಇದ್ದರೆ ಹೇಳಿ" ಎಂದಾಗ ಎದ್ದು ನಿಂತವರು ಮತ್ತೆ ಭಾಷಣ ಮಾಡಿದರು. ಎರಡನೇ ಸಭೆಗೆ ಕವಿತೆಯ ಒಂದು ಪದದ ಬಗ್ಗೆ ಯಾರೋ ದೂರು ಹೇಳಿದರು. ಹಾಲ್ ಕೊಟ್ಟವರು ಅರ್ಧಕ್ಕೇ ದೀಪ ಆರಿಸಿದರು. ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಎರಡೂ ಸೇರಿ ಏಳು ಸಾವಿರದಷ್ಟು ಹೋಯಿತು.

ಮೂರನೆಯದು ಪುಸ್ತಕ ಎರವಲು ಕೊಡುವುದು. ನನ್ನ ಕಪಾಟಿನ 14 ಪುಸ್ತಕಕ್ಕೆ ಕಾಕಿ ರಟ್ಟು ಹಾಕಿ ಅಂಗಡಿಗೆ ಬರುವ ಗಿರಾಕಿಗಳಿಗೆ ಕೊಟ್ಟೆ. ವಾಪಸ್ ಬಂದಿದ್ದು 5. ಹೋದ 9ರ ಬೆಲೆ ಅಂದಾಜು 2800 ರೂಪಾಯಿ. ಆದರೆ ನನ್ನ ದಾರಿ ಸಿಕ್ಕಿದ್ದು ಈ ನಷ್ಟದಲ್ಲೇ.

ವಾಪಸ್ ಬಂದ ಐದರಲ್ಲಿ ಒಂದನ್ನು ಓದಿದ್ದು ನಮ್ಮ ಬೀದಿಯ ಟೈಲರ್ ಅಣ್ಣ. ಪುಟ 23ರಲ್ಲಿ ಒಂದು ಪೆನ್ಸಿಲ್ ಗೆರೆ ಇತ್ತು. ಬಟ್ಟೆಯ ಮೇಲೆ ಗುರುತು ಹಾಕಿದಷ್ಟೇ ಸಣ್ಣ ಗೆರೆ. "ಇದೇನಣ್ಣ?" ಎಂದೆ. "ಅಲ್ಲಿಗೆ ನಿಲ್ಲಿಸ್ದೆ ಕಣಪ್ಪ" ಅಂದರು. "ಯಾಕೆ ಅಲ್ಲೇ?" ಎಂದು ಕೇಳಿದೆ. ಅಷ್ಟೇ. ಅವರು ಕತ್ತರಿ ಕೆಳಗಿಟ್ಟು ಒಂದು ಗಂಟೆ ಮಾತಾಡಿದರು. ಆ ಪಾತ್ರ ಯಾಕೆ ಅವರಿಗೆ ಸುಳ್ಳು ಅನ್ನಿಸಿತು, ಹಿಂದಿನ ಪುಟದಲ್ಲಿ ಯಾಕೆ ನಿಜ ಅನ್ನಿಸಿತ್ತು, ಮುಂಬೈಯಲ್ಲಿ ತಾವು ಹೊಲಿಯುತ್ತಿದ್ದ ಕಾಲದಲ್ಲಿ ಅಂಥವನು ಒಬ್ಬ ಇದ್ದ, ಅವನು ಹೀಗೆ ಮಾತಾಡುತ್ತಿರಲಿಲ್ಲ. ಹತ್ತು ವರ್ಷ ನಾನು ಕಾದಿದ್ದು ಈ ಮಾತಿಗೇ. ಹೇಗಿದೆ ಎಂದು ಕೇಳಿದ್ದರೆ ಅವರೂ "ಚೆನ್ನಾಗಿದೆ" ಎನ್ನುತ್ತಿದ್ದರು. ಎಲ್ಲಿ ನಿಲ್ಲಿಸಿದಿರಿ ಎಂದು ಕೇಳಿದ್ದಕ್ಕೆ ಬಾಯಿ ಬಿಟ್ಟರು.

ಇಡೀ ಪುಸ್ತಕ ಕೊಟ್ಟರೆ ವಾಪಸ್ ಬರಲ್ಲ. ಹಾಗಾದರೆ ಒಂದೇ ಹಾಳೆ ಕೊಟ್ಟರೆ? ಇದು ನನ್ನ ಸ್ವಂತ ಬುದ್ಧಿ ಅಲ್ಲ. ಹಂಗ್ರಿ ಪೀಳಿಗೆ ಎಂಬ ಬಂಗಾಳಿ ಬಂಡುಕೋರ ಕವಿಗಳ ಗುಂಪಿನವರು 1961ರಲ್ಲಿ ಪಟ್ನಾದಿಂದ ಶುರು ಮಾಡಿದ್ದೇ ಒಂದು ಹಾಳೆಯ ಬುಲೆಟಿನ್‌ನಿಂದ. ಕರಪತ್ರದ ಹಾಗೆ ಕಾಫಿ ಹೌಸಿನಲ್ಲಿ, ಕಾಲೇಜುಗಳಲ್ಲಿ ಪುಕ್ಕಟೆ ಹಂಚುತ್ತಿದ್ದರು. ಕರಪತ್ರ ಅಚ್ಚು ಹಾಕುವುದು ನನ್ನ ದಿನದ ಕೆಲಸ. ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಹಾಳೆ ಹೇಗಿರಬೇಕು ಎಂಬುದಕ್ಕೇ ಎಂಟು ತಿಂಗಳು ಹಿಡಿಯಿತು. ಈಗ ನಾನು ಮಾಡುವುದು ಹೀಗೆ. ಎ4 ಹಾಳೆಯ ಒಂದೇ ಮಗ್ಗುಲು. ಅಕ್ಷರ 16 ಪಾಯಿಂಟ್, ನಲವತ್ತು ದಾಟಿದವರಿಗೆ ಕನ್ನಡಕ ಇಲ್ಲದೆಯೂ ಓದಲು ಬರಬೇಕು. ಎಡಗಡೆ ಮೂರು ಬೆರಳು ಜಾಗ ಖಾಲಿ. 25ರಿಂದ 28 ಸಾಲು, ಅದಕ್ಕಿಂತ ಜಾಸ್ತಿ ಬೇಡ. ಕವಿಯ ಹೆಸರಿಲ್ಲ, ಊರಿಲ್ಲ, ಶೀರ್ಷಿಕೆ ಇಲ್ಲ. ಹೆಸರು ಇದ್ದರೆ ಜನ ಹೆಸರಿಗೆ ಗೌರವ ಕೊಡುತ್ತಾರೆ, ಸಾಲನ್ನು ಬಿಡುತ್ತಾರೆ. ಹಿಂದೆ ಬಿಲ್ ಬುಕ್ಕಿಗೆ ಹೊಡೆಯುವ ನಂಬರಿಂಗ್ ಮಷಿನ್‌ನಲ್ಲಿ ಒಂದು ನಂಬರ್. ಆ ನಂಬರ್ ನನ್ನ ನೋಟ್‌ಬುಕ್ಕಿನಲ್ಲಿ ಇರುತ್ತದೆ, ಓದಿದವರ ಹೆಸರು ಇರಲ್ಲ. ಬೇರೆ ಭಾಷೆಯದ್ದನ್ನು ನಾನೇ ಸ್ವಲ್ಪ ಸ್ವಲ್ಪ ಕನ್ನಡಕ್ಕೆ ತಂದುಕೊಳ್ಳುತ್ತೇನೆ. ಅದನ್ನು ಪತ್ರಿಕೆಯಲ್ಲಿ ಹಾಕಲ್ಲ, ಮಾರಲ್ಲ, ಓದಿ ಮುಗಿದ ಮೇಲೆ ಹಾಳೆ ವಾಪಸ್ ತಗೊಳ್ಳುತ್ತೇನೆ.

ಪೆನ್ಸಿಲ್ 2ಬಿ, ಅರ್ಧಕ್ಕೆ ಕತ್ತರಿಸಿದ್ದು, ಹಿಂದೆ ರಬ್ಬರ್ ಇಲ್ಲದ್ದು. ಪೆನ್ ಕೊಟ್ಟು ನೋಡಿದ್ದೇನೆ. ಪೆನ್ ಕೈಗೆ ಬಂದರೆ ಜನಕ್ಕೆ ಪರೀಕ್ಷೆ ಅನ್ನಿಸುತ್ತದೆ, ಇಲ್ಲವೇ ಕೆಳಗೆ ಸಹಿ ಹಾಕುತ್ತಾರೆ.

ರಾತ್ರಿ ಎಂಟೂವರೆ ಮೇಲೆ ಶಟರ್ ಅರ್ಧ ಇಳಿಸಿ ಎಂಟು ಹತ್ತು ಜನ ಕೂರುತ್ತೇವೆ. ಮೊದಲು ಅವರೇ ಮನಸ್ಸಿನಲ್ಲಿ ಓದುತ್ತಾರೆ. ಎಲ್ಲಿ ಸಾಕು ಅನ್ನಿಸಿತೋ ಅಲ್ಲಿ ಒಂದು ಗೆರೆ. ಆಮೇಲೆ ನಾನು ಅದನ್ನೇ ಗಟ್ಟಿಯಾಗಿ ಓದುತ್ತೇನೆ. ಈಗ ಎಲ್ಲಿ ಸಾಕು ಅನ್ನಿಸಿತೋ ಅಲ್ಲಿ ಇನ್ನೊಂದು ಗೆರೆ. ಎರಡು ಗೆರೆಗಳ ನಡುವೆ ಏನಾಯಿತು ಎಂಬುದೇ ಮಾತು. "ಅರ್ಥ ಆಯ್ತಾ" ಎಂದು ಯಾರೂ ಕೇಳುವಂತಿಲ್ಲ. ನಾನೂ ಕೇಳಲ್ಲ. ಅದನ್ನು ಕೇಳಿದ ಕೂಡಲೇ ಮನುಷ್ಯ ಶಾಲೆಯ ಬೆಂಚಿಗೆ ಹೋಗಿ ಕೂತುಬಿಡುತ್ತಾನೆ.

ಹಾಳೆಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಎಂಬುದು ಮುಖ್ಯ. ಎರಡನೇ ಹಾಳೆ ಯಾವಾಗಲೂ ಒಂದೇ ಥರದ್ದು ಇರುತ್ತದೆ. ಅದು ಯಾವುದು ಎಂದು ಇಲ್ಲಿ ಬರೆಯಲ್ಲ. ಪೆನ್ಸಿಲ್ ವಾಪಸ್ ತಗೊಳ್ಳುವಾಗ ಕೇಳುವ ಒಂದು ಪ್ರಶ್ನೆಯೂ ಇದೆ. ಅದನ್ನೂ ಹೇಳಲ್ಲ. ಎಲ್ಲರೂ ಅದನ್ನೇ ಕೇಳಲು ಶುರು ಮಾಡಿದರೆ ಪ್ರಶ್ನೆ ಸವೆದುಹೋಗುತ್ತದೆ. ನಿಮ್ಮೂರಿಗೆ ನಿಮ್ಮದೇ ಪ್ರಶ್ನೆ ಹುಡುಕಿಕೊಳ್ಳಿ.

ಈಗ ಗಿನ್ಸ್‌ಬರ್ಗ್ ವಿಷಯ. ಅವನ 'ಹೌಲ್' ಎಂಬ ಕವಿತೆಯ ಮೊದಲ ಭಾಗದ 20 ಸಾಲು ಕನ್ನಡಕ್ಕೆ ತಂದುಕೊಂಡಿದ್ದೆ. ಮೂಲದಲ್ಲಿ ಹೆಚ್ಚಿನ ಸಾಲುಗಳ ಮೊದಲಲ್ಲಿ ಇಂಗ್ಲಿಷಿನ "ಹೂ" (ಯಾರು ಎಂಬ ಪದ) ಬರುತ್ತದೆ. ನಾನೂ "ಯಾರು... ಯಾರು..." ಎಂದು ಸಾಲಿನ ತಲೆಗೆ ಇಟ್ಟೆ. ಹತ್ತು ಹಾಳೆಯಲ್ಲೂ ಗೆರೆ ಮೂರನೇ ಸಾಲಿಗೇ ಬಿತ್ತು. ಗುಮಾಸ್ತರೊಬ್ಬರು, "ಇದು ಪ್ರಶ್ನೆಪತ್ರಿಕೆ ಇದ್ದಂಗೆ ಐತಲ್ಲ, ಉತ್ತರ ನಾವ್ ಹೇಳ್ಬೇಕಾ?" ಅಂದರು. ಅವರು ಹೇಳಿದ್ದು ಸರಿ. ಕನ್ನಡದ ಸಾಲು ಹಾಗೆ ಶುರುವಾಗಲ್ಲ. ಒಂದು ತಿಂಗಳು ಕೂತು ಅದನ್ನು ಸಾಲಿನ ಕೊನೆಗೆ ಕಳಿಸಿದೆ. ಎಲ್ಲಾ ಸಾಲೂ "...ದವರು, ...ದವರು" ಎಂದು ಮುಗಿಯುವ ಹಾಗೆ ಮಾಡಿದೆ. ಮುಂದಿನ ಸಲ ಗೆರೆ 15ನೇ ಸಾಲು ದಾಟಿತು. ಗಟ್ಟಿಯಾಗಿ ಓದಿದಾಗ ಐದು ಜನ ಗೆರೆಯನ್ನೇ ಹಾಕಲಿಲ್ಲ.

ಅವತ್ತು ಒಬ್ಬ ನರ್ಸ್ ಅಕ್ಕ ತಮ್ಮ ತಾಯಿಯನ್ನು ಕರೆದುಕೊಂಡು ಬಂದಿದ್ದರು. ಆ ಅಮ್ಮನಿಗೆ ಓದು ಬರಲ್ಲ, ಸುಮ್ನೆ ಕೇಳುತ್ತಾ ಕೂತಿದ್ದರು. ಮುಗಿದ ಮೇಲೆ ಅವರು ಕೇಳಿದ್ದು, "ಯಾರು ಸತ್ತಿದ್ದು ಇದ್ರಾಗೆ?" ಯಾಕಮ್ಮ ಎಂದೆ. "ಸತ್ತ ಮನಿಯಾಗೆ ಹಾಡಾಡ್ಕೊಂಡು ಅಳ್ತಾರಲ್ಲಪ್ಪ, ಅದು ತಂದವನೇ, ಇದು ಮಾಡಿದವನೇ ಅಂತ, ಹಂಗೇ ಐತಿ" ಅಂದರು.

ನನ್ನ ಮೈ ಜುಮ್ ಅಂದಿತು. ಗಿನ್ಸ್‌ಬರ್ಗ್ ಮುಂದೆ ತನ್ನ ತಾಯಿ ಸತ್ತಾಗಿನ ನೋವಿಗೆ ಬರೆದ ದೊಡ್ಡ ಕವಿತೆಗೆ ಇಟ್ಟ ಹೆಸರು 'ಕಡಿಶ್'. ಯಹೂದಿಗಳು ಸತ್ತವರಿಗಾಗಿ ಹೇಳುವ ಪ್ರಾರ್ಥನೆಯ ಹೆಸರು ಅದು. ಆ ಪುಸ್ತಕ ಬಂದಿದ್ದು 1961ರಲ್ಲಿ. ಇದ್ಯಾವುದೂ ಗೊತ್ತಿಲ್ಲದ ನಮ್ಮ ಅಮ್ಮ ಒಂದೇ ಸಲ ಕೇಳಿ ಅಳುವಿನ ದನಿಯನ್ನು ಹಿಡಿದರು. ಹಿಡಿಯಲು ದಾರಿ ಮಾಡಿಕೊಟ್ಟಿದ್ದು ಸಾಲಿನ ಕೊನೆಯ ಆ "ದವರು". ಇದನ್ನು ನಾನು ಮಾಡಿದ್ದು ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಗಟ್ಟಿಯಾಗಿ ಓದುವುದಕ್ಕೆ ಕೆಲವರು ಆಕ್ಷೇಪ ಮಾಡಿದರು. ಓದುವವನ ದನಿ ಕವಿತೆಗೆ ಬಣ್ಣ ಹಚ್ಚುತ್ತದೆ ಎಂದರು. ಬಣ್ಣ ಹತ್ತುತ್ತದೆ, ಹೌದು. ಆದರೆ 'ಹೌಲ್' ಪುಸ್ತಕ ಆಗಿದ್ದು 1956ರಲ್ಲಿ. ಅದಕ್ಕೂ ಮುಂಚೆ, 1955ರ ಅಕ್ಟೋಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಸಿಕ್ಸ್ ಗ್ಯಾಲರಿಯಲ್ಲಿ ಕವಿ ಅದನ್ನು ಜನರ ಮುಂದೆ ಓದಿದ್ದ. ಕಿವಿಗೇ ಮೊದಲು ಬಿದ್ದ ಕವಿತೆ ಅದು. ನಮ್ಮ ವಚನ, ತತ್ವಪದ ಕೂಡ ಹಾಗೆಯೇ ಅಲ್ವಾ?

ಒಬ್ಬ ನಿವೃತ್ತ ಹತ್ತಿ ಮಿಲ್ ಕೆಲಸಗಾರರು ಬರುತ್ತಾರೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದವರು. ಕಾರ್ಮಿಕ ನಾಯಕ ಪಂಪಾಪತಿಯವರ ಮಿಲ್ ಗೇಟ್ ಮೀಟಿಂಗ್ ಭಾಷಣ ಕೇಳಿ ಬೆಳೆದವರು. ಇವರಿಗೆ ಅದೇ ಹಾಳೆ ಬೇರೆ ಥರ ಕೇಳಿಸಿತು. "ಇದು ಹಾಜರಿ ಕೂಗಿದಂಗೆ ಐತಿ. ಮಿಲ್ ಮುಚ್ಚಿದ ಮೇಲೆ ಯಾರ್ ಯಾರು ಎಲ್ಲೆಲ್ಲಿ ಹೋದ್ರು ಅಂತ ಕೂಗಿದಂಗೆ" ಅಂದರು. ಆಮೇಲೆ ತಾವೇ ಶುರು ಮಾಡಿದರು. ಹೋಟೆಲ್ ಸೇರಿದವರು, ಊರಿಗೆ ವಾಪಸ್ ಹೋದವರು, ಕುಡಿದು ಸತ್ತವರು. ಹದಿನೈದು ಇಪ್ಪತ್ತು ಜನರನ್ನು ಹೇಳಿರಬೇಕು. ಆ ರಾತ್ರಿ ನಾನು ಬೇರೆ ಹಾಳೆ ತೆಗೆಯಲಿಲ್ಲ.

ಎಲ್ಲರೂ ಹೆದರಿಸಿದ್ದು ಬೈಗುಳದ ಬಗ್ಗೆ. ಜನ ಹೊಡೀತಾರೆ, ಕೇಸ್ ಆಗುತ್ತೆ ಎಂದರು. ನನಗೂ ಭಯ ಇತ್ತು. 'ಹೌಲ್' ಮೇಲೆ 1957ರಲ್ಲಿ ಕೇಸ್ ನಡೆದು, ಅಶ್ಲೀಲ ಅಲ್ಲ ಎಂದು ತೀರ್ಪು ಬಂತು. ಹಂಗ್ರಿ ಪೀಳಿಗೆಯ ಮಲಯ್ ರಾಯ್‌ಚೌಧರಿ 1964ರಲ್ಲಿ ಬಂಧನವಾದರು. ಕೆಳಗಿನ ಕೋರ್ಟು 200 ರೂಪಾಯಿ ದಂಡ ಹಾಕಿತು. 1967ರಲ್ಲಿ ಕಲ್ಕತ್ತಾ ಹೈಕೋರ್ಟು ಬಿಟ್ಟಿತು. ಇದೆಲ್ಲ ಓದಿಕೊಂಡೇ ಧೈರ್ಯ ಮಾಡಿದ್ದು. ಆದರೆ ಪೆನ್ಸಿಲ್ ಗೆರೆ ಹೇಳಿದ ಕತೆಯೇ ಬೇರೆ.

ಇಲ್ಲಿಯವರೆಗೆ ಸುಮಾರು 600 ಹಾಳೆ ಓದಿಸಿದ್ದೇನೆ. ಒರಟು ಪದ ಬಂದ ಜಾಗದಲ್ಲಿ ಗೆರೆ ಬಿದ್ದಿದ್ದು 40ಕ್ಕಿಂತ ಜಾಸ್ತಿ ಇಲ್ಲ. ಗೊತ್ತಿಲ್ಲದ ಹೆಸರು, ಸಂಸ್ಕೃತದ ಉದ್ದ ಪದ, ವಿಮರ್ಶಕರ ಮಾತು ಬಂದ ಜಾಗದಲ್ಲಿ ಬಿದ್ದಿದ್ದು 250ರ ಹತ್ತಿರ. "ಪ್ರಜ್ಞೆ" ಎಂಬ ಒಂದು ಪದವೇ ಎಷ್ಟೋ ಹಾಳೆಗಳನ್ನು ಕೊಂದಿದೆ. ಮೂರರಲ್ಲಿ ಎರಡು ಹಾಳೆಗಳಲ್ಲಿ ಗಟ್ಟಿಯಾಗಿ ಓದಿದ ಮೇಲೆ ಗೆರೆ ಕೆಳಗೆ ಇಳಿಯುತ್ತದೆ. ಇವು ನೋಟ್‌ಬುಕ್ ಎದುರಿಗೆ ಇಟ್ಟುಕೊಳ್ಳದೆ ಹೇಳುತ್ತಿರುವ ಅಂಕಿ. ಹತ್ತಿಪ್ಪತ್ತು ಆಚೀಚೆ ಇರಬಹುದು.

ದಿಗಂಬರ ಕವಿಗಳು ಎಂಬ ತೆಲುಗಿನ ಬಂಡುಕೋರ ಗುಂಪಿನ ಕವಿತೆ ಓದಿಸಲು ಚಳ್ಳಕೆರೆಗೆ ಹೋದೆ. 1997ರವರೆಗೆ ನಾವೂ ಚಳ್ಳಕೆರೆಯವರೂ ಒಂದೇ ಜಿಲ್ಲೆ. ಆ ಕಡೆ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ ಮಾತಾಡುವವರು ತುಂಬಾ ಜನ. ದಿಗಂಬರ ಕವಿಗಳ ಮೇಲೆ ನನಗೆ ಮೊದಲಿಂದಲೂ ಪ್ರೀತಿ. ಅವರ ಮೂರು ಸಂಕಲನಗಳಲ್ಲಿ ಮೊದಲನೆಯದನ್ನು 1965ರಲ್ಲಿ ಹೈದರಾಬಾದಿನಲ್ಲಿ ಬಿಡುಗಡೆ ಮಾಡಿದ್ದು ಒಬ್ಬ ರಿಕ್ಷಾ ಎಳೆಯುವವರು. 1966ರಲ್ಲಿ ವಿಜಯವಾಡದಲ್ಲಿ ಒಬ್ಬ ಹೋಟೆಲ್ ಕೆಲಸಗಾರ, 1968ರಲ್ಲಿ ವಿಶಾಖಪಟ್ಟಣದಲ್ಲಿ ಒಬ್ಬ ಭಿಕ್ಷುಕಿ. ಅಂದರೆ ಓದುಗ ಯಾರು ಎಂಬುದನ್ನು ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಬಿಡುಗಡೆ ಮಾಡಿದವರಿಗೆ ಆ ಕವಿತೆ ಹೇಗೆ ಕೇಳಿಸಿತು ಎಂಬುದು ನನ್ನ ತಲೆಯಲ್ಲಿ ವರ್ಷಗಟ್ಟಲೆ ಕೊರೆಯುತ್ತಿತ್ತು.

ಚಳ್ಳಕೆರೆಯ ಒಬ್ಬ ಲಾರಿ ಡ್ರೈವರ್ ಅಣ್ಣ ತೆಲುಗಿನಲ್ಲೇ ಕೇಳಿದರು. ಬೈಗುಳ ಬಂದಲ್ಲೆಲ್ಲ ಮುಖ ಅಲ್ಲಾಡಲಿಲ್ಲ. ಆಮೇಲೆ ಹೇಳಿದ್ದು, "ಬೈದಿದ್ದು ಸಾಲ್ದು. ಟೈರ್ ಪಂಚರ್ ಆದ್ರೆ ನಾವು ಇದಕ್ಕಿಂತ ಜಾಸ್ತಿ ಬೈತೀವಿ. ಆದ್ರೆ ಇವ್ನು ಬೈಯೋದು ತನ್ನನ್ನೇ ಅನ್ಸುತ್ತೆ." ಅವರ ಗೆರೆ ಬಿದ್ದಿದ್ದು ಕವಿತೆಯ ಕೊನೆಯ ಹತ್ತಿರ, ಭಾಷಣದ ಥರ ಆದ ಎರಡು ಸಾಲಿನ ಮೇಲೆ. ಅದೇ ಜಾಗದಲ್ಲಿ ನನಗೂ ಯಾವಾಗಲೂ ಸಪ್ಪೆ ಅನ್ನಿಸುತ್ತಿತ್ತು. ಯಾಕೆ ಎಂದು ಗೊತ್ತಾಗಿದ್ದು ಅವತ್ತು.

ಟೈಲರ್ ಅಣ್ಣನ ಮನೆಮಾತು ಮರಾಠಿ. ಅವರಿಗೆ ಮರಾಠಿಯ ದಲಿತ ಕವಿ ನಾಮದೇವ ಢಸಾಳರ 1972ರ 'ಗೋಲಪೀಠಾ' ಸಂಕಲನದ ಹತ್ತು ಹನ್ನೆರಡು ಸಾಲು ಮರಾಠಿಯಲ್ಲೇ ಕೊಟ್ಟೆ. ಮುಂಬೈಯ ಕಾಮಾಟಿಪುರ ಎಂಬ ಕೆಂಪುದೀಪದ ಪ್ರದೇಶದ ಸುತ್ತಿನ ಬೀದಿಗಳ ಭಾಷೆ ಅದು. ಅವರು ಎರಡನೇ ಸಾಲಿಗೇ ನಿಂತರು. "ಇದು ನಮ್ಮ ಮನೆ ಮರಾಠಿ ಅಲ್ಲ. ಅರ್ಧ ಪದ ಗೊತ್ತಿಲ್ಲ" ಎಂದರು. ಅವರಿಗೆ ಬೇಜಾರಾಗಿತ್ತು. ಆ ಪುಸ್ತಕಕ್ಕೆ ಮುನ್ನುಡಿ ಬರೆದ ವಿಜಯ್ ತೆಂಡೂಲ್ಕರ್ ಕೂಡ ಇದನ್ನೇ ಒಪ್ಪಿಕೊಂಡಿದ್ದಾರೆ ಎಂದು ಹೇಳಿದೆ. ಅಷ್ಟು ದೊಡ್ಡ ಮರಾಠಿ ನಾಟಕಕಾರರಿಗೂ ಕೆಲವು ಪದ ಗೊತ್ತಿರಲಿಲ್ಲ. ಅಣ್ಣ ಹಾಳೆ ಮತ್ತೆ ತೆಗೆದುಕೊಂಡರು. ಈ ಸಲ ಮುಂಬೈಯ ತಮ್ಮ ರೂಮ್‌ಮೇಟ್ ದನಿಯಲ್ಲಿ ಗಟ್ಟಿಯಾಗಿ ಓದಿದರು. ಪೂರ್ತಿ ಓದಿದರು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಒಂದೆರಡು ಹೇಳುತ್ತೇನೆ.

ಕಟ್-ಅಪ್, ಅಂದರೆ ಅಚ್ಚಾದ ಬರಹ ಕತ್ತರಿಸಿ ಮತ್ತೆ ಜೋಡಿಸುವುದು, ನನಗೆ ಪ್ರೆಸ್ಸಿನವನಾಗಿ ತುಂಬಾ ಹತ್ತಿರದ್ದು. 1959ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರಯಾನ್ ಗೈಸಿನ್ ಎಂಬ ಕಲಾವಿದ ಚಿತ್ರಕ್ಕೆ ರಟ್ಟು ಕತ್ತರಿಸುತ್ತಿದ್ದ. ಕೆಳಗೆ ಹಾಸಿದ್ದ ಪೇಪರೂ ಕತ್ತರಿಸಿಹೋಯಿತು. ತುಂಡುಗಳನ್ನು ಜೋಡಿಸಿ ಓದಿದ, ಬೀಟ್ ಲೇಖಕ ವಿಲಿಯಂ ಬರೋಸ್‌ಗೆ ತೋರಿಸಿದ. ನನ್ನ ಕಟಿಂಗ್ ಮಷಿನ್ ಕೆಳಗೆ ದಿನಾ ಇದೇ ಆಗುತ್ತದೆ. ಒಂದು ಲಗ್ನಪತ್ರಿಕೆ, ಮೆಕ್ಕೆಜೋಳದ ಧಾರಣೆ ಪಟ್ಟಿ, ಒಂದು ತಿಥಿ ಕಾರ್ಡು ಕತ್ತರಿಸಿ ಜೋಡಿಸಿ ಒಂದು ಹಾಳೆ ಮಾಡಿದೆ. ಸಾಹಿತ್ಯದವರು ಇದನ್ನು ನೋಡಿ ಗಿಮಿಕ್ ಎಂದರು. ಮಂಡಿಯ ಗುಮಾಸ್ತರು ಗೆರೆ ಹಾಕದೆ ಪೂರ್ತಿ ಓದಿ, "ಮಿರ್ಚಿ ಕಟ್ಟಿಕೊಟ್ಟ ಪೇಪರ್ ಓದ್ದಂಗಾತು. ಅರ್ಧ ಸುದ್ದಿ ಇರ್ತತಿ, ಉಳಿದರ್ಧ ನಾವೇ ಮಾಡ್ಕೊತೀವಿ" ಅಂದರು.

ಈ ಮಾತು ಕೇಳಿ ನನಗೆ ಹುರುಪು ಬಂತು. ಹಾಳೆಗಳನ್ನೇ ಮಂಡಕ್ಕಿ ಪೊಟ್ಟಣ ಮಾಡಿಸಿದರೆ? 700 ಹಾಳೆ ಹೊಡೆದು ಒಂದು ಅಂಗಡಿಗೆ ಕೊಟ್ಟೆ. ಮೂರನೇ ದಿನ ಮಿರ್ಚಿಯ ಎಣ್ಣೆಗೆ ಇಂಕು ಬಿಡುವುದು ಕಣ್ಣಿಗೆ ಕಂಡಿತು. ಅಚ್ಚಿನ ಇಂಕು ಹೊಟ್ಟೆಗೆ ಹೋಗಬಾರದು, ಅದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಉಳಿದದ್ದನ್ನೆಲ್ಲ ವಾಪಸ್ ತಂದೆ. 800 ರೂಪಾಯಿ ಹೋಯಿತು. ನೀವು ಇದನ್ನು ಮಾಡಬೇಡಿ.

ಇನ್ನೊಂದು ಸಲ ಬಂಡುಕೋರರ ನಾಲ್ಕು ಹಾಳೆಗಳ ನಡುವೆ 12ನೇ ಶತಮಾನದ ಒಂದು ಬೆಡಗಿನ, ಅಂದರೆ ಒಗಟಿನಂಥ, ವಚನ ಇಟ್ಟೆ. ಅಂಕಿತ ತೆಗೆದು, ಹಳೆಯ ರೂಪ ಇದ್ದ ಎರಡು ಪದ ಬದಲಿಸಿ, ಸಾಲು ಒಡೆದು ಹಾಕಿದ್ದೆ. ಇದು ಎಲ್ಲಿಯದು ಎಂದು ಕೇಳಿದರೆ ಹತ್ತರಲ್ಲಿ ಆರು ಜನ "ಇದು ಫಾರಿನ್ ಹುಡುಗರದ್ದು" ಅಂದರು. ಇಬ್ಬರು ನಮ್ಮ ಪತ್ರಿಕೆಯ ಹೊಸ ಕವಿಯದ್ದು ಎಂದರು. ಮಂಡಕ್ಕಿ ಭಟ್ಟಿಯ ಅಜ್ಜ ಮಾತ್ರ ನಕ್ಕು, "ಇದು ಭಜನಿ ಮ್ಯಾಳದ್ದು ಕಣೋ" ಎಂದರು. ಷರೀಫರ ಕೋಡಗನ ಕೋಳಿ ನುಂಗಿದ ಪದವನ್ನು ಅಲ್ಲೇ ತಾಳ ಹಾಕಿ ಹೇಳಿದರು. ಆಮೇಲೆ ಕಟ್-ಅಪ್ ಹಾಳೆಯನ್ನೂ ಅದೇ ಧಾಟಿಯಲ್ಲಿ ಹಾಡಿಬಿಟ್ಟರು. ಧಾರಣೆ ಪಟ್ಟಿ ಹಾಡಾಗಿದ್ದನ್ನು ಅವತ್ತು ಕೇಳಿದವರು ಮರೆಯಲ್ಲ. ನಾವು ಬಹಳ ಹೊಸದು ಎಂದು ಹೊತ್ತುಕೊಂಡು ಬರುವುದಕ್ಕೆ ಇಲ್ಲಿನ ಕಿವಿ ಮೊದಲೇ ತಯಾರಾಗಿದೆ ಎಂದು ನಾನು ಆಗಿನಿಂದ ಎಲ್ಲರ ಹತ್ತಿರ ವಾದ ಮಾಡುತ್ತಿದ್ದೇನೆ.

ಕತೆ, ಕಾದಂಬರಿಯಲ್ಲಿ ನಾನು ಇನ್ನೂ ಪೂರ್ತಿ ಗೆದ್ದಿಲ್ಲ. ಗದ್ಯ ಒಂದು ಹಾಳೆಗೆ ಕೂರಲ್ಲ. ಕತ್ತರಿಸಿ ಕೊಟ್ಟರೆ "ಮುಂದೇನಾಯ್ತು" ಎಂಬ ಆಸೆ ಹುಟ್ಟುತ್ತದೆ, ಪ್ರಯೋಗದ ಬರಹಕ್ಕೆ ಆ ಆಸೆಯೇ ಏಟು. ಬರೋಸ್‌ನ 'ನೇಕೆಡ್ ಲಂಚ್'ನಿಂದ ಎರಡು ಪುಟ ತಂದೆ. ಆರು ಸಲ ಓದಿಸಿದೆ, ಆರು ಸಲವೂ ಗೆರೆ ಮೊದಲ ಪ್ಯಾರಾದಲ್ಲೇ ಬಿತ್ತು. ಅಮಲಿನ ವಿಷಯ ಅಂತ ಅಲ್ಲ. "ಯಾರು ಹೇಳ್ತಿದ್ದಾರೆ ಅಂತ ತಿಳೀತಿಲ್ಲ" ಎಂದರು. ನನ್ನ ಕನ್ನಡದಲ್ಲಿ ದನಿ ಬಂದಿಲ್ಲ ಎಂದೇ ನಾನು ತಿಳಿದಿದ್ದೇನೆ, ಅದನ್ನು ಮತ್ತೆ ತಿದ್ದುತ್ತಿದ್ದೇನೆ.

ಗೆದ್ದಿದ್ದು ಬೇರೆ ಥರದಲ್ಲಿ. ಇಂಗ್ಲೆಂಡಿನ ಬಿ. ಎಸ್. ಜಾನ್ಸನ್ 1969ರಲ್ಲಿ ಒಂದು ಕಾದಂಬರಿಯನ್ನು ಪೆಟ್ಟಿಗೆಯಲ್ಲಿ ಇಟ್ಟು ಹೊರತಂದ. 27 ಬಿಡಿ ಭಾಗ. ಮೊದಲನೆಯದು, ಕೊನೆಯದು ಬಿಟ್ಟು ಉಳಿದದ್ದನ್ನು ಯಾವ ಕ್ರಮದಲ್ಲಾದರೂ ಓದಬಹುದು. ಹರಿಹರದ ಒಬ್ಬ ಹುಡುಗ ನಮ್ಮ ಪತ್ರಿಕೆಗೆ ಬಸ್ ಪ್ರಯಾಣದ ಒಂದು ಕತೆ ಕಳಿಸಿದ್ದ. ಅದನ್ನು 9 ಬಿಡಿ ಹಾಳೆ ಮಾಡಿ, ಅರ್ಧ ಕೆಜಿ ಸ್ವೀಟ್ ಬಾಕ್ಸಿನಲ್ಲಿ ಹಾಕಿದೆ. ಖಾಲಿ ಬಾಕ್ಸ್ ಒಂದಕ್ಕೆ ಆರೇಳು ರೂಪಾಯಿ. ಬಾಕ್ಸ್ ಮನೆಗೆ ಒಯ್ಯಬಹುದು, ವಾರಕ್ಕೆ ವಾಪಸ್ ಕೊಡಬೇಕು. 25 ಬಾಕ್ಸ್ ಕೊಟ್ಟೆ, 22 ವಾಪಸ್ ಬಂದವು! ಪುಸ್ತಕ ಕೊಡದ ಜನ ಬಾಕ್ಸ್ ಕೊಟ್ಟರು. ಒಬ್ಬ ಗೃಹಿಣಿ ಹಾಳೆಗಳನ್ನು ತಮಗೆ ಸರಿ ಕಂಡ ಕ್ರಮದಲ್ಲಿ ಜೋಡಿಸಿ, ಹೂ ಕಟ್ಟುವ ದಾರದಲ್ಲಿ ಹೊಲಿದು ಕಳಿಸಿದ್ದರು. ಜೊತೆಗೆ ಒಂದು ಚೀಟಿ: "ಇದೇ ಸರಿ. ಹುಡುಗನಿಗೆ ಹೇಳಿ." ಹುಡುಗನಿಗೆ ತೋರಿಸಿದೆ. ಅವನು ಎರಡು ದಿನ ಮಾತಾಡಲಿಲ್ಲ. ಆಮೇಲೆ ಬಂದು, ಅದೇ ಕ್ರಮದಲ್ಲಿ ಅಚ್ಚು ಹಾಕಿ ಎಂದ. ನಾನು ಒಪ್ಪಲಿಲ್ಲ. ಆ ಜಗಳ ಇನ್ನೂ ಮುಗಿದಿಲ್ಲ.

ದುಡ್ಡಿನ ಲೆಕ್ಕ ಕೇಳುವವರು ಇರುತ್ತಾರೆ. ಕಾರ್ಡು, ಸಭೆ, ಹೋದ ಪುಸ್ತಕ, ಈ ಮೂರರಲ್ಲಿ 13 ಸಾವಿರದ ಹತ್ತಿರ ಹೋಯಿತು. ಈಗಿನ ಪದ್ಧತಿಯಲ್ಲಿ ಹಾಳೆ, ಟೋನರ್ ಸೇರಿ ಒಂದಕ್ಕೆ ಒಂದು ರೂಪಾಯಿ ಚಿಲ್ಲರೆ ಬೀಳುತ್ತದೆ. ದೊಡ್ಡ ಖರ್ಚು ತಿಂಡಿಯದ್ದು. ನರ್ಗಿಸ್ ಮಂಡಕ್ಕಿ, ಮಿರ್ಚಿ, ಚಹಾ ಸೇರಿ ಒಂದು ರಾತ್ರಿಗೆ 350ರಿಂದ 400. ತಿಂಗಳಿಗೆ ಎರಡು ಸಲದ ಹಾಗೆ 60 ಸಲ ಆಗಿರಬೇಕು, ಅದೇ 22 ಸಾವಿರ ದಾಟಿದೆ. ಒಂದು ಡಬ್ಬಿ ಇಟ್ಟಿದ್ದೇನೆ. ಯಾರಿಗೂ ಹಾಕಿ ಎಂದು ಹೇಳಲ್ಲ. ಅದರಲ್ಲಿ ಎಂಟು ಒಂಬತ್ತು ಸಾವಿರ ಬಂದಿದೆ. ಮಿರ್ಚಿ ಮೊದಲು ಕೊಡಬೇಡಿ. ಎಣ್ಣೆ ಕೈಯಲ್ಲಿ ಪೆನ್ಸಿಲ್ ಜಾರುತ್ತದೆ, ಹಾಳೆ ಹಾಳಾಗುತ್ತದೆ. ಎರಡನೇ ಗೆರೆ ಬಿದ್ದ ಮೇಲೆ ತಟ್ಟೆ ತನ್ನಿ.

ನೋಟ್‌ಬುಕ್ ಬರೆಯುವಾಗ ಒಂದು ಎಚ್ಚರ ಇಟ್ಟುಕೊಳ್ಳಿ. ಜನ ಹೇಳಿದ್ದನ್ನು ತಿದ್ದಬೇಡಿ. ಮೊದಲ ನೋಟ್‌ಬುಕ್ಕಿನಲ್ಲಿ ನಾನು ತಿದ್ದಿದ್ದೆ. "ಹಂಗೇ ಐತಿ" ಎಂದಿದ್ದನ್ನು "ಅದೇ ರೀತಿ ಇದೆ" ಎಂದು ಬರೆದಿದ್ದೆ. ಈಗ ಓದಿದರೆ ಅದರಲ್ಲಿ ಯಾರ ದನಿಯೂ ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಯೂ ನೋಡಿದೆ. ಫೋನ್ ಟೇಬಲ್ ಮೇಲೆ ಕಂಡರೆ ಜನ ಗಂಟಲು ಸರಿ ಮಾಡಿಕೊಂಡು ಭಾಷಣಕ್ಕೆ ನಿಲ್ಲುತ್ತಾರೆ. ಕೈಯಲ್ಲೇ ಬರೆದುಕೊಳ್ಳಿ, ಅವರ ಎದುರಿಗೇ.

ಗೆಳೆಯರು ಒಯ್ದ 30 ಹಾಳೆ ಮೊನ್ನೆ ವಾಪಸ್ ಬಂದವು. ಅವರ ಹುಡುಗರು ಗೆರೆ ಹಾಕಿದ್ದಾರೆ. ಪಕ್ಕದಲ್ಲಿ ಮೇಷ್ಟ್ರೂ ಒಂದು ಹಾಳೆಗೆ ಗೆರೆ ಹಾಕಿದ್ದಾರೆ, ಏಳನೇ ಸಾಲಿನಲ್ಲಿ. ಯಾಕೆ ಅಲ್ಲಿ ಎಂದು ನಾನಿನ್ನೂ ಕೇಳಿಲ್ಲ. ಗುರುವಾರ ಬರುತ್ತೇನೆ ಎಂದಿದ್ದಾರೆ. ಅಷ್ಟರಲ್ಲಿ 'ಹೌಲ್' ಮೊದಲ ಭಾಗದ ಇನ್ನೂ ಒಂದಿಷ್ಟು ಸಾಲು ಕನ್ನಡಕ್ಕೆ ತರಬೇಕು. ನರ್ಸ್ ಅಕ್ಕನ ತಾಯಿ ಉಳಿದದ್ದು ಕೇಳಬೇಕು ಎಂದು ಹೇಳಿ ಕಳಿಸಿದ್ದಾರೆ.